ತಲೆಯಾಡಿಸಿದ್ದು ಕೇಳಿಸಲಿಲ್ಲ

ದರ್ಜಿಯ ಬಾಯಿ ಅವನ ಹೊಲಿಗೆ ಯಂತ್ರದ್ದೇ ಒಂದು ಭಾಗವಿದ್ದಂತೆ. ಕಾಲು ಪೆಡಲಿನ ಮೇಲೆ ಬಿದ್ದೊಡನೆ ಅದೂ ಓಡತೊಡಗುತ್ತಿತ್ತು. ಅಳತೆ ಕೊಡಲು ಬಂದವರು ಸುಮ್ಮನೆ ಕುಳಿತು ಊರಿನ ಸುದ್ದಿಯನ್ನೆಲ್ಲ ಕೇಳಿಕೊಂಡೇ ಏಳುತ್ತಿದ್ದರು. ಸಂಜೆ ಅಂಗಡಿಗೆ ಬೀಗ ಹಾಕಿ ಅವನು ದೊಡ್ಡಾಸ್ಪತ್ರೆಯ ಗೇಟಿಗೆ ಬರುವ ಹೊತ್ತಿಗೆ ಅಲ್ಲಿ ಟೆಲಿಫೋನ್ ಆಪರೇಟರ್ ಕಾಯುತ್ತಿರುತ್ತಿದ್ದ. ಆಪರೇಟರನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅವನು ದರ್ಜಿಯ ಮೊಳಕೈ ಹಿಡಿದುಕೊಳ್ಳುತ್ತಿದ್ದ, ಇಬ್ಬರೂ ಮನೆಯ ಕಡೆ ನಡೆಯುತ್ತಿದ್ದರು, ದರ್ಜಿ ದಾರಿಯನ್ನೆಲ್ಲ ವರ್ಣಿಸುತ್ತಿದ್ದ.

"ಎದುರಿಗೆ ಒಬ್ಬ ಬರ್ತಿದಾನೆ. ಹೊಸ ಟೋಪಿ. ಅದರ ಕೆಳಗೆ ಮುಖ ಇದೆಯೋ ಇಲ್ವೋ, ಇನ್ನೂ ಕಾಣ್ತಿಲ್ಲ."

"ಪ್ಯಾಂಟು?"

"ಪ್ಯಾಂಟನ್ನ ಯಾರೋ ಅವನ ಮೇಲಿನ ಹಳೇ ಸಿಟ್ಟಿಗೆ ಹೊಲಿದುಕೊಟ್ಟಿದಾರೆ. ನಗಬೇಡ, ಹತ್ತಿರ ಬಂದ."

ಇಬ್ಬರು ಗಂಡಸರು ಹರೆಯದಿಂದ ತಲೆ ನರೆಯುವವರೆಗೆ ಕೈ ಹಿಡಿದುಕೊಂಡು ಅದೇ ಬೀದಿಯಲ್ಲಿ ನಡೆದರೂ ಯಾರೂ ಹುಬ್ಬೇರಿಸಲಿಲ್ಲ. ಕಣ್ಣಿಲ್ಲದವನು ಯಾರನ್ನಾದರೂ ಹಿಡಿದುಕೊಳ್ಳಲೇಬೇಕಲ್ಲ. ಜನ ದರ್ಜಿಯ ಒಳ್ಳೆಯತನವನ್ನು ಹೊಗಳಿದರು. "ನಿನ್ನ ಕಣ್ಣು ಸರಿಯಾಗಿದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಹೇಳು" ಎಂದು ದರ್ಜಿ ಮನೆಗೆ ಬಂದು ನಗುತ್ತಿದ್ದ.

ಎರಡನೇ ಮಹಡಿಯ ಆ ಮನೆಯಲ್ಲಿ, ಬಾಗಿಲು ಹಾಕಿದ ಮೇಲೆ, ಅವರದು ಗಂಡಹೆಂಡಿರ ಸಂಸಾರವೇ. ಒಂದೇ ಹಾಸಿಗೆ, ಒಂದೇ ಹೊದಿಕೆಗೆ ಎಳೆದಾಟ, ಉಪ್ಪು ಹೆಚ್ಚಾಯಿತೆಂದು ಮುನಿಸು. ಆದರೆ ಕರೆಗಂಟೆ ಸದ್ದು ಮಾಡಿತೆಂದರೆ ಇಬ್ಬರೂ ದೂರ ದೂರದ ಕುರ್ಚಿಗಳಿಗೆ ಸರಿಯುತ್ತಿದ್ದರು. ಬೀದಿಯಲ್ಲಿ ಹಿಡಿಯಬಹುದಾಗಿದ್ದ ಕೈಯನ್ನು ಮನೆಯೊಳಗೆ, ನೆಂಟರ ಮುಂದೆ, ಹಿಡಿಯುವಂತಿರಲಿಲ್ಲ. ಮನೆಯ ಮೂಲೆಮೂಲೆಯೂ ಗೊತ್ತಿದ್ದ ಆಪರೇಟರನಿಗೆ ಅಲ್ಲಿ ಯಾರ ಆಸರೆಯೂ ಬೇಕಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನೆಂಟರೆಂದರೆ ಮುಖ್ಯವಾಗಿ ದರ್ಜಿಯ ತಂಗಿ. ಆಕೆ ಆಪರೇಟರನನ್ನು ಗೌರವದಿಂದಲೇ ಕಾಣುತ್ತಿದ್ದಳು, ಅಣ್ಣನ ಜೊತೆ ಬಾಡಿಗೆ ಹಂಚಿಕೊಂಡಿರುವ ಸಜ್ಜನನೆಂದು. ಆಕೆಯ ಮಗಳು ಚಿಕ್ಕವಳಿದ್ದಾಗಲೇ ಅವನಿಗೆ ಫೋನ್ ಮಾವ ಎಂದು ಹೆಸರಿಟ್ಟಿದ್ದಳು. ಅವರು ಹೊರಟುಹೋದ ಮೇಲೆ ದರ್ಜಿ ಕೆಣಕುತ್ತಿದ್ದ: "ಮಾವ ನಾನು. ಲೆಕ್ಕದ ಪ್ರಕಾರ ನೀನು ಅವಳಿಗೆ ಅತ್ತೆ ಆಗ್ಬೇಕು ಕಣೋ."

ಒಂದು ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ದರ್ಜಿ ಮಾತಿನ ನಡುವೆಯೇ ನಿಂತುಬಿಟ್ಟ. ಪಾರ್ಶ್ವವಾಯು ಅವನ ಬಲಗೈ, ಬಲಗಾಲುಗಳ ಜೊತೆಗೆ ಮಾತನ್ನೂ ಕಿತ್ತುಕೊಂಡಿತು. ಇನ್ನೊಬ್ಬರು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಬಾಯಿಗೆ ಬರುವುದಿಲ್ಲ ಎಂದರು ವೈದ್ಯರು. "ತಲೆ ಆಡಿಸ್ತಾರೆ, ನೋಡ್ಕೊಂಡರೆ ಸಾಕು" ಎಂದು ನರ್ಸ್ ಧೈರ್ಯ ಹೇಳಿದಳು. ಹೇಳಿದ ಮೇಲೆ ತಾನು ಯಾರಿಗೆ ಹೇಳಿದೆನೆಂಬುದು ಅವಳಿಗೆ ಹೊಳೆದಿರಬೇಕು. ಹಾಸಿಗೆಯ ಚಾದರವನ್ನು ಸುಮ್ಮಸುಮ್ಮನೆ ಎಳೆದು ಸರಿಪಡಿಸಿ ಹೊರಟುಹೋದಳು.

ಮನೆಗೆ ಬಂದ ಮೊದಲ ದಿನವೇ ಅದರ ಫಲ ಗೊತ್ತಾಯಿತು. "ನೀರು ಬೇಕಾ?" ಎಂದು ಆಪರೇಟರ್ ಕೇಳಿದ. ಏನೂ ಕೇಳಿಸಲಿಲ್ಲ. ಬೇಡವೆಂದುಕೊಂಡು ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ, ಮತ್ತೆ ಮೌನ. ಮಧ್ಯಾಹ್ನ ಗಂಜಿ ಕುಡಿಸಲು ತುಟಿ ಹುಡುಕಿದಾಗ ಅದು ಒಣಗಿ ಸಿಪ್ಪೆಯೆದ್ದಿತ್ತು. ಗಲ್ಲದ ಕೆಳಗೆ ಕೈಯಿಟ್ಟು ಇನ್ನೊಮ್ಮೆ ಕೇಳಿದ. ಗಲ್ಲ ಕೆಳಗೆ ಹೋಯಿತು, ಮೇಲೆ ಬಂತು. ಬೆಳಗಿನಿಂದ ದರ್ಜಿ ಹೌದು ಹೌದೆಂದು ತಲೆಯಾಡಿಸುತ್ತಲೇ ಇದ್ದ.

ಅಂದಿನಿಂದ ಅವರು ಅಂಗೈಯ ಭಾಷೆಯೊಂದನ್ನು ಕಟ್ಟಿಕೊಂಡರು. ದರ್ಜಿಯ ಎಡಗೈ ಆಪರೇಟರನ ಅಂಗೈಯೊಳಗಿರುತ್ತಿತ್ತು. ಒಮ್ಮೆ ಒತ್ತಿದರೆ ಹೌದು, ಹೆಬ್ಬೆರಳನ್ನು ಅಡ್ಡ ಎಳೆದರೆ ಇಲ್ಲ. ರಜೆ ಹಾಕಿ ಮನೆಯಲ್ಲೇ ಉಳಿದ ಆಪರೇಟರ್ ಈಗ ದಿನವಿಡೀ ತಾನೇ ಮಾತಾಡುವುದನ್ನು ಕಲಿತ. ಹಾಸ್ಯಕ್ಕೆ ಹೇಗೆ ಉತ್ತರಿಸಬೇಕೆಂಬುದು ಮಾತ್ರ ಆ ಭಾಷೆಯಲ್ಲಿ ಇರಲಿಲ್ಲ. ದರ್ಜಿ ನಕ್ಕನೋ ಇಲ್ಲವೋ ಎಂದು ತಿಳಿಯಲು ಕೆನ್ನೆ ಮುಟ್ಟಿ ನೋಡಬೇಕಾಗುತ್ತಿತ್ತು, ಮುಟ್ಟುವಷ್ಟರಲ್ಲಿ ನಗು ಆರಿಹೋಗಿರುತ್ತಿತ್ತು.

ಕಳೆದ ವಾರ ಬಚ್ಚಲುಮನೆಯಲ್ಲಿ ದರ್ಜಿ ಜಾರಿಬಿದ್ದ. ಬಿದ್ದ ಸದ್ದಿಗೆ ಆಪರೇಟರ್ ಒಳನುಗ್ಗಿ, ಮಂಡಿಯೂರಿ ತಡಕಿದ. ತಲೆಯ ಹಿಂದೆ ಬೆಚ್ಚಗೆ ಒದ್ದೆಯಾಗಿತ್ತು. ಅದು ನೀರೋ ರಕ್ತವೋ ತಿಳಿಯದೆ ಬೆರಳನ್ನು ನಾಲಿಗೆಗೆ ಇಟ್ಟು ನೋಡಿದ. ರಕ್ತವೇ. ಕಂಕುಳಲ್ಲಿ ಕೈಹಾಕಿ ಎತ್ತಲು ಹೋದರೆ ಇಬ್ಬರೂ ಸೋಪಿನ ನೀರಿನಲ್ಲಿ ಜಾರಿ ಗೋಡೆಗೆ ಬಡಿದರು. ಕೊನೆಗೆ ಅವನು ಮೆಟ್ಟಿಲ ಬಳಿ ಹೋಗಿ ಕೂಗಿಕೊಂಡ. ಕೆಳಗಿನ ಬೀಗದ ಅಂಗಡಿಯವನು ಓಡಿಬಂದ. ಗಾಯ ದೊಡ್ಡದಲ್ಲ ಎಂದ, ದರ್ಜಿಯನ್ನು ಎತ್ತಿ ಮಲಗಿಸಿದ. ಒಳ್ಳೆಯದಾಗಲೆಂದು ಅವನೇ ದರ್ಜಿಯ ತಂಗಿಗೂ ಫೋನ್ ಮಾಡಿದ.

ಅಣ್ಣನನ್ನು ಕರೆದೊಯ್ಯುತ್ತೇನೆಂದು ಅಂದೇ ಹೇಳಿದ್ದ ತಂಗಿ ಇಂದು ಮಗಳೊಂದಿಗೆ ವ್ಯಾನು ತಂದಳು. ಚಹಾ ಬೇಡವೆಂದಳು. ಬಚ್ಚಲಿಗೆ ಹೋಗಿ ಬಂದು ಮೂಗೊರೆಸಿಕೊಂಡದ್ದು ಆಪರೇಟರನಿಗೆ ಕೇಳಿಸಿತು.

"ನಿಮ್ಮದೇನೂ ತಪ್ಪಿಲ್ಲ ಆಪರೇಟರೇ. ನೀವೂ ಪಾಪ ಎಷ್ಟು ಅಂತ ಮಾಡ್ತೀರಿ. ನಮ್ಮದು ನೆಲಮಹಡಿ ಮನೆ. ಹಗಲೆಲ್ಲ ನಾನಿರ್ತೀನಿ."

"ಅವನನ್ನ ಕೇಳಿದ್ರಾ?"

"ಕೇಳದೇ ಕರ್ಕೊಂಡು ಹೋಗ್ತೀನಾ? ಅಣ್ಣ, ನನ್ನ ಜೊತೆ ಬರ್ತೀಯಲ್ಲ?"

ಆಪರೇಟರ್ ಕಿವಿಗೊಟ್ಟ. ಆಸ್ಪತ್ರೆಯ ಸ್ವಿಚ್‌ಬೋರ್ಡಿನಲ್ಲಿ ಉಸಿರು ಕೇಳಿಯೇ ಅತ್ತ ಕಡೆಯವರು ಒಳ್ಳೆಯ ಸುದ್ದಿಗೆ ಕಾಯುತ್ತಿದ್ದಾರೋ ಕೆಟ್ಟದ್ದಕ್ಕೋ ಹೇಳಬಲ್ಲವನು ಅವನು. ಈಗ ಕುರ್ಚಿಯ ಬೆತ್ತ ಒಮ್ಮೆ ಕಿರುಗುಟ್ಟಿತು, ಅಷ್ಟೇ.

"ನೋಡಿ, ತಲೆ ಆಡಿಸಿದ" ಎಂದಳು ತಂಗಿ.

"ಹೌದಾ ಮಗಳೇ?" ಎಂದು ಅವನು ಹುಡುಗಿಯ ಕಡೆ ತಿರುಗಿದ.

"ಆಡಿಸಿದ್ರು ಫೋನ್ ಮಾವ." ಆಮೇಲೆ, "ನಾನು ಸರಿಯಾಗಿ ನೋಡ್ಲಿಲ್ಲ. ಅಮ್ಮನ ಮುಖ ನೋಡ್ತಿದ್ದೆ" ಎಂದಳು.

ನಾಲ್ಕು ಹೆಜ್ಜೆ ಆಚೆ ದರ್ಜಿ ಕುಳಿತಿದ್ದ. ಬಹಳ ವರ್ಷಗಳ ಅಭ್ಯಾಸ ಆಪರೇಟರನನ್ನು ದೂರದ ಕುರ್ಚಿಯಲ್ಲಿ ಕಟ್ಟಿಹಾಕಿತ್ತು. ಕೈ ಹಿಡಿದರೆ ಕೇಳಬಹುದು. ಆದರೆ ಕಣ್ಣಿಲ್ಲದವನು ಕುಳಿತ ರೋಗಿಯೊಬ್ಬನ ಕೈಯನ್ನು ಯಾಕೆ ಹಿಡಿದ ಎಂಬುದಕ್ಕೆ ಬೀದಿಯಲ್ಲಿದ್ದಂಥ ನೆಪ ಇಲ್ಲಿರಲಿಲ್ಲ. ತಂಗಿಯ ಹೆಜ್ಜೆಯ ಸದ್ದು ಅಲಮಾರಿನ ಕಡೆ ಸರಿಯುತ್ತಿತ್ತು. ಅವನು ಎದ್ದ, ಹೋಗಿ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ದರ್ಜಿಯ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಕೋಣೆಯಲ್ಲಿ ಹೆಜ್ಜೆಯ ಸದ್ದು ನಿಂತಿತು.

"ಹೋಗ್ತೀಯಾ?"

ಕೈ ಒತ್ತಿತು. ಒಮ್ಮೆ, ಗಟ್ಟಿಯಾಗಿ.

ಅವನು ಸಿದ್ಧವಾಗಿದ್ದುದು ಹೆಬ್ಬೆರಳಿಗೆ. ಅಡ್ಡ ಎಳೆದಿದ್ದರೆ ಏನು ಹೇಳಬೇಕು, ತಂಗಿಯನ್ನು ಹೇಗೆ ತಡೆಯಬೇಕು ಎಂದು ವಾರವಿಡೀ ಮನಸ್ಸಿನಲ್ಲಿ ಬರೆದು ಒರೆಸಿ ಬರೆದಿದ್ದ.

"ನಾನು ಎತ್ತೋಕಾಗ್ಲಿಲ್ಲ ಅಂತಾನಾ?"

ಕೈ ಹಾಗೆಯೇ ಇತ್ತು. ಒತ್ತಲಿಲ್ಲ, ಹೆಬ್ಬೆರಳೂ ಆಡಲಿಲ್ಲ.

"ನಾನೂ ಬರ್ಲಾ?"

ಈಗ ಅದು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು, ಬಿಡಲೇ ಇಲ್ಲ. ಅದರ ಉಗುರು ಅವನ ಚರ್ಮಕ್ಕೆ ನೆಟ್ಟಿತು. ಅವನು ಮುಖ ಎತ್ತಿ ತಂಗಿ ಇರಬಹುದಾದ ಕಡೆಗೆ ತಿರುಗಿಸಿದ.

"ನೋಡಮ್ಮ, ನಾನೂ ಬರ್ಲಿ ಅಂತಿದಾನೆ. ಅಡುಗೆಮನೆ ಪಕ್ಕ ಒಂದು ಚಾಪೆ ಹಾಸೋಷ್ಟು ಜಾಗ ಸಾಕು. ನಾನೇ ಉಣ್ಣಿಸ್ತೀನಿ, ಸ್ನಾನ ಮಾಡಿಸ್ತೀನಿ. ಎತ್ತೋಕೆ ಮಾತ್ರ ಯಾರಾದ್ರೂ ಬೇಕು."

ತಂಗಿಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಅದನ್ನು ಹಿಡಿದು ಎದುರಾಡುತ್ತಿದ್ದ.

"ಜಾಗದ ಮಾತಲ್ಲ" ಎಂದಳು. "ನಮ್ಮ ಮನೆಯವರಿಗೆ, ಅತ್ತೆಗೆ, ನೀವು ಯಾರು ಅಂತ ಹೇಳ್ಲಿ?"

"ಫೋನ್ ಮಾವ ಅಂತ ಹೇಳಮ್ಮ" ಎಂದಳು ಹುಡುಗಿ.

"ನೀನು ಸುಮ್ನಿರು." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ನನಗೆ ಏನೂ ತಿಳಿಯಲ್ಲ ಅಂದ್ಕೋಬೇಡಿ. ತಿಳಿಯುತ್ತೆ. ಇವತ್ತಿಂದಲ್ಲ. ಇಂಥದ್ದನ್ನ ತಿಳ್ಕೊಳ್ಳೋರ ಮನೆ ಅದಲ್ಲ, ಅಷ್ಟೇ. ಭಾನುವಾರ ಬನ್ನಿ. ನೋಡ್ಕೊಂಡು ಹೋಗಿ."

ನೋಡಿಕೊಂಡು ಹೋಗಿ ಎಂಬ ಮಾತನ್ನು ಅವನು ತಿದ್ದಲಿಲ್ಲ. ಭಾನುವಾರ ಆ ಮನೆಯ ಹಜಾರದಲ್ಲಿ, ಅತ್ತೆ ಮಾವಂದಿರ ನಡುವೆ, ತಾನು ದೂರದ ಕುರ್ಚಿಯೊಂದರಲ್ಲಿ ಕುಳಿತು ಚಹಾ ಕುಡಿದು ಎದ್ದು ಬರುವುದನ್ನು ಅವನು ಆಗಲೇ ಕೇಳಿಸಿಕೊಂಡ. ಹಜಾರದ ಇನ್ನೊಂದು ತುದಿಯಲ್ಲಿ ದರ್ಜಿ ತಲೆಯಾಡಿಸುತ್ತಿರುತ್ತಾನೆ.

ತಂಗಿ ಅಲಮಾರು ತೆಗೆದಳು. ಹ್ಯಾಂಗರುಗಳು ಕಂಬಿಯ ಮೇಲೆ ಒಂದೊಂದಾಗಿ ಸರಿದು ನಿಂತವು.

"ಇದರಲ್ಲಿ ಅಣ್ಣನ ಅಂಗಿ ಯಾವುವು?"

ಅವನಿಗೆ ಗೊತ್ತಿರಲಿಲ್ಲ. ದರ್ಜಿ ಇಬ್ಬರಿಗೂ ಒಂದೇ ಅಳತೆಯಲ್ಲಿ ಹೊಲಿಯುತ್ತಿದ್ದ, ಬೆಳಗ್ಗೆ ಕೈಗೆ ಸಿಕ್ಕಿದ್ದನ್ನು ಇಬ್ಬರೂ ತೊಡುತ್ತಿದ್ದರು. ಬಣ್ಣದಿಂದ ಗುರುತು ಹೇಳುವುದು ಅವನಿಂದಾಗುವ ಕೆಲಸವಲ್ಲ. ಹೇಳಬಲ್ಲವನಿಗೆ ಮಾತಿರಲಿಲ್ಲ.

"ಯಾವುದನ್ನಾದ್ರೂ ತಗೊಳ್ಳಿ" ಎಂದ.

ಅವಳು ಅಂದಾಜಿನ ಮೇಲೆ ಕೆಲವನ್ನು ತೆಗೆದಳು, ಒಂದೆರಡನ್ನು ಹಿಂದಕ್ಕೆ ಇಟ್ಟಳು. ಚೀಲದ ಜಿಪ್ಪು ಎಳೆದ ಸದ್ದಾಯಿತು. ಬೀಗದ ಅಂಗಡಿಯವನು ಮೇಲೆ ಬಂದ. ಕುರ್ಚಿಯನ್ನು ಮುಂದಿನಿಂದ ಅವನು, ಹಿಂದಿನಿಂದ ಹುಡುಗಿ ಹಿಡಿದರು. ಆಪರೇಟರ್ ಕೈ ಬಿಡದೆ ಬಾಗಿಲವರೆಗೆ ಜೊತೆಗೆ ನಡೆದ. ಹೊಸ್ತಿಲಲ್ಲಿ ಕುರ್ಚಿ ಚೌಕಟ್ಟಿಗೆ ಸಿಕ್ಕಿಕೊಂಡಿತು.

"ಸ್ವಲ್ಪ ದಾರಿ ಬಿಡಿ ಸಾರ್" ಎಂದ ಬೀಗದವನು. "ಮೆಟ್ಟಿಲು ಕಿರಿದು. ಮೂರು ಜನ ಹಿಡಿಯೋಕಾಗಲ್ಲ."

ಬೆರಳುಗಳನ್ನು ಬಿಡಿಸಬೇಕಾಯಿತು. ಯಾರ ಬೆರಳು ಮೊದಲು ಸಡಿಲವಾಯಿತೆಂದು ಅವನಿಗೆ ತಿಳಿಯಲಿಲ್ಲ. ಅವನು ಗೋಡೆಗೆ ಬೆನ್ನಿಟ್ಟು ನಿಂತ. ಕುರ್ಚಿಯ ಕಾಲು ಅವನ ಮಂಡಿಗೆ ತಾಗಿಕೊಂಡು ಮುಂದೆ ಹೋಯಿತು. ಅವರು ಮೆಲ್ಲಗೆ, ಹುಷಾರು, ಎಡಕ್ಕೆ ಎಂದು ಪರಸ್ಪರ ಹೇಳಿಕೊಳ್ಳುತ್ತ ಇಳಿದರು. ತಂಗಿ ಚೀಲ ಹೊತ್ತು ಹಿಂದೆ ಹೋದಳು.

ಕೆಳಗಿನ ತಿರುವಿನಲ್ಲಿ ಒಂದು ದನಿ ಬಂತು. ಉದ್ದದ, ಅಕ್ಷರವಿಲ್ಲದ ದನಿ. ಪಾರ್ಶ್ವವಾಯು ಬಡಿದ ಬೆಳಗಿನಿಂದ ಆ ಗಂಟಲು ಸದ್ದು ಮಾಡಿದ್ದು ಇದೇ ಮೊದಲು. ಆಪರೇಟರ್ ಕಂಬಿ ಹಿಡಿದು ಮುಂದಕ್ಕೆ ಬಾಗಿದ.

"ಏನಂದ?" ಎಂದು ಕೂಗಿದ. "ಏನಂತೆ ಅವನಿಗೆ?"

"ಏನಿಲ್ಲ ಫೋನ್ ಮಾವ" ಎಂದಳು ಹುಡುಗಿ ಏದುಸಿರಿನ ನಡುವೆ. "ಕಾಲು ಗೋಡೆಗೆ ತಾಗ್ತು."

ಅವನು ಇನ್ನೊಮ್ಮೆ ಆ ದನಿ ಬರಬಹುದೆಂದು ಉಸಿರು ಬಿಗಿಹಿಡಿದ. ಕುರ್ಚಿ ಇಳಿಯುತ್ತಲೇ ಇತ್ತು. ವ್ಯಾನಿನ ಬಾಗಿಲು ಜಾರಿ ಮುಚ್ಚಿತು.