ಬಾಗಿದರೆ ಇಲ್ಲದ ನೋವು

ನಮ್ಮೂರು ಕೊಹಿನೂರಿನಲ್ಲಿ ತೊಗರಿ ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಸಣ್ಣ ಮೋರಿ ಇದೆ. ಹೋದ ಮಳೆಗಾಲದಲ್ಲಿ ಕಳೆ ತೆಗೆದು ಮರಳುವಾಗ ಅಲ್ಲಿಗೆ ಬರುವಷ್ಟರಲ್ಲಿ ನನ್ನ ಕಾಲುಗಳು ನಿಂತುಬಿಟ್ಟವು. ಸೊಂಟದಿಂದ ಕೆಳಗೆ ಜೋಮು. ಮೀನಖಂಡದಲ್ಲಿ ಉರಿ. ಮೋರಿಯ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಎಲ್ಲ ಮಾಯ.

ಮರುದಿನವೂ ಹಾಗೇ. ದಿನವಿಡೀ ಬಾಗಿ ಕಳೆ ತೆಗೆದರೆ ಏನೂ ಇಲ್ಲ, ನೆಟ್ಟಗೆ ನಡೆದರೆ ಕಾಲು ಮಾತು ಕೇಳುವುದಿಲ್ಲ. ನನ್ನ ನೆಗೆಣ್ಣಿ ಕಮಲಾಬಾಯಿ, ಬಾಯಿ ಜೋರಿನ ಹೆಂಗಸು, ಎಲ್ಲರೆದುರು ಅಂದಳು: "ನಡಿಯಲಾರದಾಕಿ ಹಾದಿ ದೂರ ಅಂದಳಂತ." ಜೊತೆಗಾತಿಯರು ನಕ್ಕರು. ನಾನೂ ನಕ್ಕೆ, ಒಳಗೆ ಬಹಳ ನೊಂದೆ. ಆದರೂ ಅವರು ನನ್ನನ್ನು ಬಿಟ್ಟು ಹೋಗಲಿಲ್ಲ. ಬೈಯುತ್ತಲೇ ಪಕ್ಕದಲ್ಲಿ ಕುಳಿತರು. ಬರಬರುತ್ತ ಎಲೆ-ಅಡಿಕೆಯೂ ಅಲ್ಲೇ ನಡೆಯಿತು.

ಬಸವಕಲ್ಯಾಣದಲ್ಲಿ ತೋರಿಸಿದೆವು. ಗುಳಿಗೆ, ಸೊಂಟದ ಬೆಲ್ಟ್, ವ್ಯಾಯಾಮ. ಬೇಸಿಗೆ ಹೊತ್ತಿಗೆ ಮೋರಿಯವರೆಗೂ ಬರಲಾಗದೆ ಹಾದಿಯಲ್ಲೇ ಕುಕ್ಕರಿಸತೊಡಗಿದೆ. ಹುಮನಾಬಾದಿಗೆ ವಾರಕ್ಕೊಮ್ಮೆ ಬರುವ ಬೆನ್ನಿನ ಡಾಕ್ಟರು ಎಂಆರ್‌ಐ ನೋಡಿ ಲಂಬಾರ್ ಸ್ಟೆನೋಸಿಸ್ ಅಂದರು. ಬೆನ್ನೆಲುಬಿನ ಕೆಳಗಡೆ ನರಗಳು ಹಾಯುವ ದಾರಿ ಇಕ್ಕಟ್ಟಾಗಿದೆ. ಬಾಗಿದಾಗ ಅದು ತುಸು ಅಗಲವಾಗುತ್ತದೆ, ನೆಟ್ಟಗಾದರೆ ಮತ್ತೆ ಬಿಗಿಯುತ್ತದೆ.

ನನ್ನ ನೋವು ನಾಟಕವಾಗಿರಲಿಲ್ಲ.

ಅಲ್ಲೇ ಅತ್ತುಬಿಟ್ಟೆ. ನನಗೆ ಬೇಕಿದ್ದದ್ದು ಒಂದೇ. ಜೊತೆಗಾತಿಯರೊಂದಿಗೆ ನಡೆದು ಹೊಲಕ್ಕೆ ಹೋಗಬೇಕು, ನಡೆದು ಮನೆಗೆ ಬರಬೇಕು.

"ಸ್ಕ್ರೂ ಹಾಕಿ ಗಟ್ಟಿ ಮಾಡ್ರಿ ಸಾಹೇಬ್ರ, ಮತ್ತ ಸಡಲಬಾರದು," ಅಂದರು ನಮ್ಮ ಯಜಮಾನರು, ನಾನೇನೋ ಎತ್ತಿನ ಗಾಡಿ ಅನ್ನುವ ಹಾಗೆ. ಡಾಕ್ಟರು ನನ್ನನ್ನು ಮುಂದಕ್ಕೆ ಬಾಗಿಸಿ, ಹಿಂದಕ್ಕೆ ವಾಲಿಸಿ ಎಕ್ಸ್‌ರೇ ತೆಗೆಸಿದರು. ಎಲುಬು ಜಾರುತ್ತಿರಲಿಲ್ಲ. ಹಾಗಾಗಿ ಸ್ಕ್ರೂ ಬೇಡ, ಅದು ದೊಡ್ಡ ಆಪರೇಷನ್, ಸೊಂಟ ಬಾಗುವುದೂ ಕಡಿಮೆಯಾಗುತ್ತದೆ ಅಂದರು. ಉಳಿದದ್ದು ಎರಡು. ಬೆನ್ನು ತೆರೆದು ನರದ ಮೇಲಿನ ಎಲುಬು ತೆಗೆಯುವ ಲ್ಯಾಮಿನೆಕ್ಟಮಿ, ಇಲ್ಲವೇ ಸಣ್ಣ ತೂತಿನಿಂದ ಎಂಡೋಸ್ಕೋಪ್ ಇಳಿಸಿ ಬೇಕಾದಷ್ಟೇ ಎಲುಬು ಕೆರೆದು ತೆಗೆಯುವುದು. ಕಾಲುನೋವಿನ ಮಟ್ಟಿಗೆ ಎರಡರಲ್ಲೂ ಹೆಚ್ಚು ಫರಕಿಲ್ಲ. ತೂತಿನದರಲ್ಲಿ ಗಾಯ ಸಣ್ಣದು, ಬೇಗ ಏಳಬಹುದು.

ಮನೆಯವರಿಗೆಲ್ಲ ತೂತಿನದೇ ಬೇಕಾಗಿತ್ತು. ನಾನು ಡಾಕ್ಟರನ್ನೇ ಕೇಳಿದೆ: "ನಿಮ್ಮ ಕೈಗೆ ಯಾವುದು ರೂಢಿ ಅದರಿ?"

"ತೆರದು ಮಾಡೋದು, ಅವ್ವಾ. ತೂತಿಂದು ಈಗೀಗ ಶುರು ಮಾಡೀನಿ. ಅದೇ ಬೇಕಂದ್ರ ಹೈದರಾಬಾದಿಗೆ ಬರದು ಕೊಡ್ತೀನಿ."

"ಹಂಗಾದ್ರ ತೆರದೇ ಮಾಡ್ರಿ."

ಕಳೆ ತೆಗೆಯಲು ರೂಢಿಯಿಲ್ಲದ ಇನ್ನೊಬ್ಬರ ಕುರ್ಪಿ ಹಿಡಿದ ದಿನ ನನ್ನ ಕೈಯಲ್ಲಿ ಕಳೆಯ ಜೊತೆ ಬೆಳೆಯೂ ಕಿತ್ತು ಬಂದಿದೆ. ಆ ಭಯವೇ ನನ್ನಿಂದ ಹಾಗೆ ಹೇಳಿಸಿತು.

ಅವರೇ ಕಲಬುರಗಿಯ ತಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಿತ್ತು. ಜೊತೆಗಿದ್ದವಳು ಕಮಲಾಬಾಯಿ. ನನ್ನ ತಲೆ ಬಾಚುತ್ತ ಒಂದು ಮಧ್ಯಾಹ್ನ ಕೇಳಿದಳು: "ನಾ ಅಂದ ಮಾತು ಮನಸ್ಸಿಗೆ ಹಚ್ಚಿಕೊಂಡಿದ್ದೇನ?"

"ಹಚ್ಚಿಕೊಂಡಿದ್ದೆ, ಅಕ್ಕಾ. ಈಗ ಜಡಿ ಹಾಕು."

ಅವಳು ಬಹಳ ಹೊತ್ತು ಜಡೆ ಹೆಣೆದಳು.

ಎಡ ಪಾದದ ಜೋಮು ಉಳಿದಿದೆ, ಹೋಗದೆಯೂ ಇರಬಹುದಂತೆ. ಬಾಗಿ ಕಳೆ ತೆಗೆಯಲು ಇನ್ನೂ ಅಪ್ಪಣೆಯಿಲ್ಲ. ಬಾಗಿದರಷ್ಟೇ ಸುಖ ಕಂಡಿದ್ದ ದೇಹಕ್ಕೆ ಈಗ ಬಾಗಬೇಡ ಅನ್ನಬೇಕು. ಒಮ್ಮೊಮ್ಮೆ ಎದೆಗುಂದುತ್ತೇನೆ. ನಡೆಯಲು ಮಾತ್ರ ಅಡ್ಡಿಯಿಲ್ಲ.

ಮೊನ್ನೆ ಸಂಜೆ ಹೊಲದವರೆಗೆ ಹೋಗಿ ಎಲ್ಲರೊಂದಿಗೆ ಮರಳಿದೆ. ಮೋರಿ ಬಂತು. ಕಾಲು ಕೂರು ಅನ್ನಲಿಲ್ಲ. ದಾಟಿ ನಡೆದೆ. ಮಾತಾಡುತ್ತ ಪಕ್ಕಕ್ಕೆ ನೋಡಿದರೆ ಯಾರೂ ಇಲ್ಲ. ತಿರುಗಿದೆ. ಎಲ್ಲರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

"ಎಲ್ಲಿ ಓಡಾಕತ್ತಿ? ಬಾ, ಕುಂದ್ರು," ಅಂದಳು ಕಮಲಾಬಾಯಿ.

ಕಾಲು ನೋಯುತ್ತಿರಲಿಲ್ಲ. ಹಿಂದಕ್ಕೆ ಬಂದು ಕುಳಿತೆ.