ಬೊಳ್ಳಮ್ಮನವರ ಪಿಯಾನೊ
ಮಾದಾಪುರದ ನಮ್ಮ ಎಸ್ಟೇಟಿನ ಒಡತಿ ಬೊಳ್ಳಮ್ಮನವರು ಮಡಿಕೇರಿಯ ಕಾನ್ವೆಂಟಿನಲ್ಲಿ ಪಿಯಾನೊ ಕಲಿತವರು, ಅಲ್ಲಿಂದಾಚೆ ಕಾಲಿಟ್ಟವರಲ್ಲ. ಆದರೂ ಸಂಜೆಯ ಕಾಫಿ ಮುಗಿದರೆ ಸಾಕು, ದೇಶಸಂಚಾರ ಹೊರಡುವರು. ಇಂಗ್ಲಿಷ್ ದೊರೆಯೊಬ್ಬ ಸೀಮೆಗೆ ಮರಳುವಾಗ ಮಾರಿಹೋದ ಪಿಯಾನೊದ ಮುಂದೆ ಕೂತು, "ಇವತ್ತು ನಾರ್ವೆಗೆ ಹೋಗುವ, ರೈಟ್ರೇ" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನನ್ನನ್ನೂ ಕರೆಯುವರು. ನಾರ್ವೆಯ ಕುರಿಗಾಹಿಗಳ ಹಾಡಿಗೆ ಶಾಲು ಹೊದೆಯುವರು, ಸ್ಪೇನಿನ ಕುಣಿತಕ್ಕೆ ಕಿಟಕಿಗಳನ್ನೆಲ್ಲ ತೆರೆಸುವರು, ಹಂಗೇರಿಯ ರೈತರ ಧಾಟಿ ಬಂತೆಂದರೆ ಕಪಾಟಿನ ಪಿಂಗಾಣಿ ಗಲಗಲ ಎನ್ನುವಂತೆ ಕಾಲಿನಿಂದ ನೆಲ ಗುದ್ದುವರು. ಥಂಡಿಗೆ ಕೆಟ್ಟುಹೋದ ಸ್ವರಗಳನ್ನು ಬಾಯಿಂದಲೇ ಹಾಡಿ ತುಂಬುವರು. ಕೊನೆಗೆ, "ಅಲ್ಲಿಯೂ ಗದ್ದೆ ಕೆಲಸದವರದ್ದೇ ಹಾಡು, ನೋಡಿ" ಎನ್ನುವರು. ಕೊಡಗು ಮೈಸೂರಿಗೆ ಸೇರಿದ ವರ್ಷ, ಹುತ್ತರಿ ಸುಗ್ಗಿಹಬ್ಬದ ಸಂಜೆ, ಹಾಸನದ ಕಡೆಯವನಾದ ನಾನು ತಿಳಿಯದೆ, "ಇವತ್ತು ಕೊಡಗಿನದ್ದೇ ಒಂದು ನುಡಿಸಿ ಅಮ್ಮ" ಎಂದೆ. "ಬೇರೆ ದೇಶದ್ದೆಲ್ಲ ಒಬ್ಬಳೇ ನುಡಿಸಬಹುದು. ನಮ್ಮ ಹಾಡಿಗೆ ಸಾಲಿಗೆ ಸಾಲು ಎದುರು ಹಾಡೋರು ಬೇಕಲ್ಲ. ಅಣ್ಣ ಹಾಡ್ತಿದ್ದ. ಬರ್ಮಾ ಯುದ್ಧದಿಂದ ಅವನು ಬರಲೇ ಇಲ್ಲ" ಎಂದರು. ಆದರೂ ಒಂದು ಸಾಲು ನುಡಿಸಿ, ಕೈ ಎತ್ತಿ, ನನ್ನ ಕಡೆ ತಿರುಗಿ ಕಾದರು. ನನಗೆ ಆ ಹಾಡು ಬರುತ್ತಿರಲಿಲ್ಲ.