ಸವೆದ ಶಿವದಾರ

ಶಕುಂತಲಮ್ಮ ಕಲ್ಲೆದೆಯ ಹೆಂಗಸು. ಅವಳಿಗೆ ಆಚಾರ ಮೊದಲು, ಮನುಷ್ಯರು ಆಮೇಲೆ. ದಾವಣಗೆರೆಯ ಚೌಕಿಪೇಟೆಯಲ್ಲಿ ಅವಳ ಪಾತ್ರೆ ಅಂಗಡಿಗೆ ಬರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಸೊಸೆ ರಶ್ಮಿತಾ ಮಾತ್ರ ಹೇಳುವುದಿಲ್ಲ. ಅವಳು ಅದೇ ಮನೆಯಲ್ಲಿ ಬಾಳಬೇಕು.

ಕೊರಳಲ್ಲಿ ಲಿಂಗವಿಲ್ಲದೆ, ಬೆಳಗಿನ ಲಿಂಗಪೂಜೆ ಮುಗಿಯದೆ, ಗಂಟಲಿಗೆ ಹನಿ ನೀರೂ ಇಳಿಯಬಾರದೆಂಬುದು ಶಕುಂತಲಮ್ಮ ತವರಿನಿಂದ ತಂದ ಕಟ್ಟಳೆ. ಪಿತ್ತಕೋಶದ ಆಪರೇಷನ್ ದಿನ ಸಹ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಕೊಡಲಿಲ್ಲ. ನರ್ಸು ಗೊಣಗಿಕೊಂಡೇ ಅದನ್ನು ಅವಳ ಮುಂಗೈಗೆ ಕಟ್ಟಿದಳು. ತನ್ನೊಬ್ಬಳನ್ನೇ ದಂಡಿಸಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹರಿಹರದ ಬೀಗರ ಮನೆಯಲ್ಲಿ, ತುಂಬಿದ ಬಸುರಿ ರಶ್ಮಿತಾ ಪೂಜೆಗೆ ಮುಂಚೆ ಚಹಾ ಕುಡಿಯುವುದನ್ನು ಕಂಡು, ಅವಳ ಹೆತ್ತವರ ಎದುರಿಗೇ "ಚೆಲ್ಲು ಅದನ್ನ" ಎಂದಳು. ಹುಡುಗಿ ಬಚ್ಚಲಿಗೆ ಹೋಗಿ ಚೆಲ್ಲಿ ಬಂದಳು. ಬೀಗರು ತಲೆ ತಗ್ಗಿಸಿ ಕೂತರು. ಆಮೇಲೆ ಅವರು ದಾವಣಗೆರೆಗೆ ಬರುವುದೇ ಕಡಿಮೆಯಾಯಿತು.

ಇಂಥವಳಿಗೆ ಅರವತ್ತು ದಾಟಿದ ಮೇಲೆ ಕಾಡಿನ ಹುಚ್ಚು ಹಿಡಿದದ್ದು ಕುಕ್ಕುವಾಡದಿಂದ. ಅಲ್ಲಿನ ಕಬ್ಬಿನ ಗದ್ದೆಯಲ್ಲಿ ಚಿರತೆ ಬೋನಿಗೆ ಬಿದ್ದಿದೆಯೆಂಬ ಸುದ್ದಿ ಕೇಳಿ ಆಟೊ ಮಾಡಿಕೊಂಡು ಹೋದಳು. ಅಷ್ಟರಲ್ಲಿ ಬೋನನ್ನು ಸಾಗಿಸಿಯಾಗಿತ್ತು.

"ನೀವು ಬರೋದು ಗೊತ್ತಾಗಿ ಅದೇ ಓಡಿಹೋತು ಬಿಡ್ರಿ," ಎಂದ ಅಂಗಡಿಯ ಆಳು ಮಾರಣ್ಣ.

"ಅದರ ಮನೀಗೇ ಹೋಗಿ ನೋಡ್ಕೊಂಡು ಬರ್ತೀನಿ," ಎಂದಳು ಶಕುಂತಲಮ್ಮ.

ಜೊತೆಗೆ ಬರುತ್ತೇವೆಂದ ಅಕ್ಕನ ಬಳಗ ಸಂಘದ ಗೆಳತಿಯರು ಮಂಡಿನೋವು, ಮೊಮ್ಮಗನ ಪರೀಕ್ಷೆ ಎಂದು ಜಾರಿಕೊಂಡರು. ಅವಳು ಒಬ್ಬಳೇ ಹೊರಟಳು.

ರಶ್ಮಿತಾ ಬಾಗಿಲಿಗೆ ಬಂದು, "ಅತ್ತೆ, ಕರಡಿಗೆ ಕಟ್ಟಿದ ಶಿವದಾರ ಸವೆದೈತೆ. ಹೊಸದು ಹಾಕ್ಕೊಳ್ರಿ," ಎಂದಳು.

"ಅಮಾಸಿ ಮುಂದ ದಾರ ಬದಲಿಸ್ತಾರೇನು? ಸೋಮವಾರ ಅಯ್ನೋರ ಕೈಲಿ ಹಾಕಿಸ್ಕೊಂತೀನಿ."

"ಒಬ್ಬರೇ ಹೊಂಟೀರಿ..."

"ದಾರಕ್ಕೂ ಜೋಡಿ ಬೇಕೇನು?"

ಭದ್ರಾ ಕಾಡಿನ ಸಫಾರಿ ಜೀಪು ಬಾಗಿಲಿಲ್ಲದ ತೆರೆದ ಗಾಡಿ. ಮರುದಿನ ಬೆಳಿಗ್ಗೆ ಅವಳಿಗೆ ಸಿಕ್ಕಿದ್ದು ಡ್ರೈವರ್ ಪಕ್ಕದ ಸೀಟು. ಹಿಂದೆ ಯಾವುದೋ ಊರಿನ ಒಂದು ಸಂಸಾರ.

"ಅಮ್ಮಾರು ದಾವಣಗೆರೆಯೋರಾ? ಮಾತಲ್ಲೇ ಗೊತ್ತಾತು ಬಿಡ್ರಿ," ಎಂದ ಡ್ರೈವರ್. "ನಾನು ವೀರೇಶ, ಹರಿಹರದ ಹತ್ರ ಕಡರನಾಯಕನಹಳ್ಳಿ. ಏನೇ ಬಿದ್ರೂ ಇಳಿಯಂಗಿಲ್ಲ ನೋಡ್ರಿ. ಫೋನ್ ಬಿದ್ರೂ ಅಷ್ಟೇ, ನಾನು ಬಿದ್ರೂ ಅಷ್ಟೇ." ನೀರಿನ ಬಾಟಲಿ ಕೊಡುತ್ತ ಅವಳ ಕರಡಿಗೆಯನ್ನು ಕಂಡು ಕೇಳಿದ: "ಪೂಜೆ ಆತೇನ್ರಿ?"

"ಆಗದೆ ಹೊರಗ ಕಾಲಿಡ್ತೀನಾ?"

"ನಮ್ಮವ್ವನೂ ಹಂಗೇ. ಹೊಳೆಯಾಗ ಲಿಂಗ ಕಳ್ಕೊಂಡು, ನೀರೂ ಮುಟ್ಟದೆ ಆಸ್ಪತ್ರೆ ಸೇರಿದ್ಲು."

"ಸರಿಯಾಗೇ ಮಾಡ್ಯಾಳೆ," ಎಂದು ಶಕುಂತಲಮ್ಮ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು. ವೀರೇಶ ಗಾಡಿ ಚಾಲು ಮಾಡಿದ.

ಬಿದಿರು ಮೆಳೆಯ ತಿರುವಿನಲ್ಲಿ ಏನೋ ಲಟಲಟನೆ ಮುರಿಯಿತು. ಮರಿ ಮೊದಲು ಹಾದಿಗೆ ಬಂತು, ಅದರ ಹಿಂದೆ ತಾಯಾನೆ. ಜೀಪನ್ನು ಕಂಡದ್ದೇ ಕಿವಿಗಳನ್ನು ಅಗಲಿಸಿ ಮರಿಗೆ ಅಡ್ಡ ನಿಂತಿತು.

ವೀರೇಶ ಸದ್ದಿಲ್ಲದೆ ಗಾಡಿಯನ್ನು ಹಿಂದಕ್ಕೆ ತೆಗೆದ. ಚಕ್ರ ಗುಂಡಿಗಿಳಿದು ಎದ್ದ ಹೊಡೆತಕ್ಕೆ ಶಕುಂತಲಮ್ಮ ಹೊರಗೆ ವಾಲಿ ಕಂಬಿ ಹಿಡಿದಳು. ಎದೆಯ ಮೇಲಿನ ಭಾರ ತಟ್ಟನೆ ಹಗುರಾಯಿತು. ಕೊರಳಿಗೆ ಕೈ ಹೋಯಿತು. ಕೈಗೆ ಸಿಕ್ಕಿದ್ದು ತುಂಡು ದಾರ.

"ನಿಲ್ಲಿಸು!"

ಗಾಡಿ ನಿಂತಿತು. ಕರಡಿಗೆ ಮುಂದಿನ ಹಾದಿಯ ಕೆಂಪು ಧೂಳಿನಲ್ಲಿ ಬಿದ್ದಿತ್ತು. ಅದರಾಚೆ ಆನೆ. ಅದು ಸೊಂಡಿಲೆತ್ತಿ ಒಂದು ಹೆಜ್ಜೆ ಮುಂದಿಟ್ಟಿತು. ಹಿಂದಿನ ಸೀಟಿನಿಂದ ಯಾರೋ "ತೆಗೀರಿ, ಗಾಡಿ ತೆಗೀರಿ" ಎಂದು ಪಿಸುಗುಟ್ಟಿದರು.

ವೀರೇಶ ಧೂಳಿನಲ್ಲಿದ್ದ ಬೆಳ್ಳಿಯನ್ನು ನೋಡಿದ, ಅವಳ ಬರಿಗೊರಳನ್ನು ನೋಡಿದ.

"ಅಮ್ಮಾ, ಅದಿಲ್ದೆ ನೀವು ನೀರೂ ಮುಟ್ಟಂಗಿಲ್ಲ. ನಮ್ಮವ್ವನ್ನ ಕಣ್ಣಾರೆ ನೋಡೀನಿ." ಒಂದು ಕಾಲು ಆಗಲೇ ಹೊರಗಿತ್ತು. "ಓಡಿ ತಂದ್ಬಿಡ್ತೀನಿ."

"ಬ್ಯಾಡ."

"ಒಂದು ಚಣ ಅಷ್ಟೇ."

ತೋಳು ಹಿಡಿದಳು, ಅವನು ಬಿಡಿಸಿಕೊಂಡ. ಆನೆ ಮಣ್ಣು ಕೆದರಿ ಮತ್ತೊಂದು ಹೆಜ್ಜೆ ಇಟ್ಟಿತು. ಲಿಂಗ ಅಲ್ಲಿ ಬಿದ್ದಿದೆ, ಬಾಟಲಿ ಮಡಿಲಲ್ಲಿದೆ. ಅವಳು ಉಪವಾಸ ಬೀಳುತ್ತಾಳೆಂದು ನಂಬಿರುವವರೆಗೆ ಈ ಹುಡುಗ ಯಾವ ಮಾತಿಗೂ ಕೂರುವುದಿಲ್ಲ. ಅವನು ಅದನ್ನು ನಂಬಲು ಕಾರಣಗಳಿದ್ದವು. ಒಂದು ಕಾರಣವನ್ನು, "ಸರಿಯಾಗೇ ಮಾಡ್ಯಾಳೆ" ಎಂದು, ಅವಳೇ ಬೆಳಿಗ್ಗೆ ಒದಗಿಸಿದ್ದಳು.

"ವೀರೇಶ. ಈ ಕಡೆ ನೋಡು."

ಬಾಟಲಿಯ ಮುಚ್ಚಳ ತಿರುಗಿಸಿದಳು. ಸ್ವಲ್ಪ ನೀರು ಸೆರಗಿನ ಮೇಲೆ ಚೆಲ್ಲಿತು. ಬಾಟಲಿ ಬಾಯಿಗಿಟ್ಟು, ಅವನ ಕಣ್ಣನ್ನೇ ನೋಡುತ್ತ, ನುಂಗಿದ ಸದ್ದು ಕೇಳುವಂತೆ ಕುಡಿದಳು.

"ಕುಡಿದೆ. ಇನ್ನ ಇಳಿದು ಏನ್ ಮಾಡ್ತೀಯ? ಗಾಡಿ ಹಿಂದಕ್ಕ ತಗೊ."

ಹೊರಗಿದ್ದ ಕಾಲು ಒಳಗೆ ಬಂತು. ಕಣ್ಣು ಮಾತ್ರ ಇನ್ನೂ ಧೂಳಿನಲ್ಲಿದ್ದ ಬೆಳ್ಳಿಯ ಮೇಲಿತ್ತು; ಅವಳು ಉಪವಾಸ ಬೀಳುವುದಿಲ್ಲವೆಂದು ಅವನು ಪೂರ್ತಿ ನಂಬಿದಂತಿರಲಿಲ್ಲ. ಶಕುಂತಲಮ್ಮ ಬಾಟಲಿಯನ್ನು ಮತ್ತೆ ಎತ್ತಿದಳು.